ಥೈರಾಯ್ಡ್, ಅಯೋಡಿನ್: ಡಾಕ್ಟರನ್ನು ಕೇಳಿ

ಸವಿತಾ: ಹೈಪೋಥೈರಾಯ್ಡ್‌ಗೆ 75 ಮೈಕ್ರೋಗ್ರಾಂ ಹಾರ್ಮೋನ್ ಮಾತ್ರೆ ತಗೊಳ್ತಿದ್ದೆ, ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹಾರ್ಮೋನ್ ಕಮ್ಮಿ ಮಾಡುತ್ತೆ ಅಂತ. ಈಗ 8 ವಾರದ ಬಸುರಿ. ಮಗುವಿಗೆ ಆಗಲ್ಲ ಅಂತ ಅತ್ತೆ ಹೇಳಿದರು, 10 ದಿನದಿಂದ ಬಿಟ್ಟಿದ್ದೇನೆ. ವಾಟ್ಸಾಪ್‌ನಲ್ಲಿ ಬಂದ ಹಾಗೆ ದಿನಾ 2 ಹನಿ ಲುಗಾಲ್ ಅನ್ನೋ ಅಯೋಡಿನ್ ದ್ರಾವಣ ಕುಡಿಯುತ್ತೇನೆ, ಅಡುಗೆಗೆ ಸೈಂಧವ ಲವಣ. ಸರೀನಾ ಡಾಕ್ಟ್ರೇ?

ಡಾಕ್ಟರ್: ಸರಿಯಿಲ್ಲ. ಹನಿ ಈಗಲೇ ನಿಲ್ಲಿಸಿ. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಮತ್ತೆ ಶುರು ಮಾಡಿ, ಟಿಎಸ್‌ಎಚ್ (ಥೈರಾಯ್ಡ್ ಸರಿ ಇದೆಯಾ ಎಂದು ತಿಳಿಸುವ) ಪರೀಕ್ಷೆಗೆ ರಕ್ತ ಕೊಡಿ. ಮೊದಲ ಮೂರು ತಿಂಗಳು ಮಗುವಿನ ಥೈರಾಯ್ಡ್ ಕೆಲಸಕ್ಕೆ ಇಳಿದಿರುವುದಿಲ್ಲ. ಅದರ ಮೆದುಳು ಬೆಳೆಯುವುದು ನಿಮ್ಮ ಹಾರ್ಮೋನಿನಿಂದ. ಅದಕ್ಕೇ ಬಸುರಿಯಲ್ಲಿ ಡೋಸನ್ನು ಸಾಮಾನ್ಯವಾಗಿ ಕಾಲು ಭಾಗದಷ್ಟು ಏರಿಸುತ್ತೇವೆ. ನೀವು ಸೊನ್ನೆ ಮಾಡಿದ್ದೀರಿ! ಇನ್ನು ಹನಿಯ ಲೆಕ್ಕ. ಬಸುರಿಗೆ ದಿನಕ್ಕೆ ಬೇಕಾದ ಅಯೋಡಿನ್ 250 ಮೈಕ್ರೋಗ್ರಾಂ. 5% ಲುಗಾಲ್‌ನ ಒಂದೇ ಹನಿಯಲ್ಲಿ ಸುಮಾರು 6,000. ಅಷ್ಟು ಸುರಿದರೆ ಗ್ರಂಥಿ ಕೆಲಸವನ್ನೇ ನಿಲ್ಲಿಸಬಹುದು. ಸೈಂಧವ ಬಿಟ್ಟು ಅಯೋಡಿನ್ ಉಪ್ಪನ್ನೇ ಹಾಕಿ, ಸಾಕು. ಗಾಬರಿ ಬೇಡ, ತಡವೂ ಬೇಡ.

ಪದ್ಮಾ: ನನಗೆ ಕೂದಲು ಉದುರುತ್ತಿದೆ, ಅಯೋಡಿನ್ ಕಮ್ಮಿನಾ?

ಗೀತಾ: ಎಲೆಕೋಸು ತಿನ್ನಬಹುದಾ?

ಡಾಕ್ಟರ್: ಬೇಯಿಸಿ ತಿನ್ನಿ.

ರಮೇಶ್: ಅಯೋಡಿನ್ ಉಪ್ಪು ಕಂಪನಿಗಳ ಆಟ. 2006ರಲ್ಲಿ ಸಾದಾ ಉಪ್ಪು ಮಾರಬಾರದು ಅಂದಿದ್ದೂ ಅದಕ್ಕೇ. ನಮ್ಮಜ್ಜಿ ಹರಳುಪ್ಪು ತಿಂದೇ 90 ದಾಟಿದರು.

ಸುಧಾ, ಶೃಂಗೇರಿ: ನಮ್ಮಜ್ಜಿಯೂ ಹರಳುಪ್ಪೇ ತಿಂದಿದ್ದು. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಳಗಂಡ. ಇರುವ ಒಂದೇ ಫೋಟೋದಲ್ಲೂ ಸೆರಗು ಗಲ್ಲದವರೆಗೆ ಎಳೆದುಕೊಂಡಿದ್ದಾರೆ. ನಮ್ಮ ಕಡೆ ಮಳೆಗೆ ಮಣ್ಣಿನ ಅಯೋಡಿನ್ ಕೊಚ್ಚಿಹೋಗುತ್ತೆ ಸ್ವಾಮಿ.

ರಮೇಶ್: ಸಮುದ್ರದ ಉಪ್ಪಲ್ಲಿ ಅಯೋಡಿನ್ ಇರಲ್ವಾ? ಓದಿಕೊಂಡು ಬನ್ನಿ.

ಸುಧಾ, ಶೃಂಗೇರಿ: ಫಾರ್ವರ್ಡ್ ಓದೋದನ್ನ ಓದು ಅಂತೀರಾ?

ಡಾಕ್ಟರ್: ಸಮುದ್ರದ ನೀರು ಬತ್ತಿ ಉಪ್ಪಾಗುವಾಗ ಅಯೋಡಿನ್ ಉಳಿಯುವುದು ತೀರಾ ಕಮ್ಮಿ. ಸಾಲದು.

ಅನಿತಾ: ಹಾಶಿಮೊಟೊ ಇದೆ. ಅಯೋಡಿನ್ ಜಾಸ್ತಿ ತಗೊಂಡರೆ ವಾಸಿಯಾಗುತ್ತಾ?

ಡಾಕ್ಟರ್: ಇಲ್ಲ. ಅಲ್ಲಿ ದೇಹದ ರಕ್ಷಣಾ ಪಡೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದಿದೆ. ಅಯೋಡಿನ್ ಹೆಚ್ಚಾದರೆ ಇನ್ನಷ್ಟು ಕೆಡಬಹುದು.

ಮಂಜು: ಸಾರ್, ಕೋಸು ತಿನ್ನಬಹುದಾ?

ಡಾಕ್ಟರ್: ಮೇಲೆ ನೋಡಿ.

ರಮೇಶ್: ಕೊತ್ತಂಬರಿ ಬೀಜದ ಕಷಾಯ, 21 ದಿನ. ಥೈರಾಯ್ಡ್ ಬುಡಸಮೇತ ಹೋಗುತ್ತೆ.

ಡಾಕ್ಟರ್: ಅದನ್ನು ನಂಬಿ ಮಾತ್ರೆ ಬಿಟ್ಟವರು ನನ್ನ ಹತ್ತಿರ ಬರುವಾಗ ಮುಖ ಊದಿಕೊಂಡಿರುತ್ತದೆ. ಇನ್ನೊಂದು ಫಾರ್ವರ್ಡ್ ಹಾಕಿದರೆ ಅಡ್ಮಿನ್‌ಗೆ ಹೇಳುತ್ತೇನೆ.

ಸವಿತಾ: ಮಾತ್ರೆ ಶುರು ಮಾಡಿದೆ, ರಕ್ತ ಕೊಟ್ಟು ಬಂದೆ. ಅತ್ತೆ ಮಾತು ಬಿಟ್ಟಿದ್ದಾರೆ.

ಡಾಕ್ಟರ್: ಬಿಡಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಥೈರಾಯ್ಡ್ ಮಾತ್ರೆಗೂ ಅವಕ್ಕೂ 4 ಗಂಟೆ ಅಂತರವಿರಲಿ. ರಿಪೋರ್ಟ್ ಬಂದ ಕೂಡಲೇ ನಿಮ್ಮ ಡಾಕ್ಟರಿಗೆ ತೋರಿಸಿ.

ಪದ್ಮಾ: ನನ್ನ ಕೂದಲು?