ಜ್ಯೂಕ್‌ಬಾಕ್ಸ್ ಮೋಟಾರ್ ಬಿಸಿಯಾದ ಮೇಲೆ ನಿಧಾನವಾಗುತ್ತದೆ. ಬದಲಿಸಬೇಕಾ, ಸರಿ ಮಾಡಬಹುದಾ?

ತೀರ್ಥಹಳ್ಳಿ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಶಿಕಾಗೋ ಹತ್ತಿರ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಅಜ್ಜಿ ಮನೆ ಖಾಲಿ ಮಾಡುವಾಗ ನೆಲಮಾಳಿಗೆಯಲ್ಲಿದ್ದ ಜ್ಯೂಕ್‌ಬಾಕ್ಸನ್ನು (ಆರಿಸಿದ ಹಾಡಿನ ರೆಕಾರ್ಡನ್ನು ತಾನೇ ಎತ್ತಿಟ್ಟು ನುಡಿಸುವ ಪೆಟ್ಟಿಗೆ) ನನಗೆ ಕೊಟ್ಟು ಹೋದರು. ರಾಕ್-ಓಲಾ ಪ್ರಿನ್ಸೆಸ್, ಮಾಡೆಲ್ 1493, 1962ರದ್ದು. 50 ರೆಕಾರ್ಡ್, ಎರಡೂ ಬದಿ ಸೇರಿ 100 ಆಯ್ಕೆ. ಶಿಕಾಗೋದಲ್ಲೇ ತಯಾರಾದದ್ದು ಅಂತ ಗೊತ್ತಾದ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಯಿತು.

ಬಂದಾಗ ಅದರ ರೆಕಾರ್ಡ್ ತಿರುಗಿಸುವ ತಟ್ಟೆ ಶುರುವಿನಲ್ಲಿ ನಿಧಾನ ತಿರುಗುತ್ತಿತ್ತು, ಹತ್ತು ನಿಮಿಷ ಆದ ಮೇಲೆ ಸರಿಹೋಗುತ್ತಿತ್ತು. ತುಕ್ಕು ಬಿಡಿಸುವ ಸ್ಪ್ರೇ ಮನೆಯಲ್ಲಿತ್ತು. ಮೋಟಾರ್ ಶಾಫ್ಟ್‌ಗೆ ಎರಡೂ ಕಡೆ ಹೊಡೆದೆ. ಎರಡು ವಾರ ಹೊಸದರ ಹಾಗೆ ಓಡಿತು. ಈಗ ಉಲ್ಟಾ ಆಗಿದೆ. ಮೊದಲ ನಾಲ್ಕೈದು ಹಾಡು ಚೆನ್ನಾಗಿರುತ್ತವೆ, ಆಮೇಲೆ ಶ್ರುತಿ ಇಳಿಯುತ್ತಾ ಹೋಗುತ್ತದೆ. ಮೋಟಾರ್ ಮುಟ್ಟಿದರೆ ಕೈ ಸುಡುತ್ತದೆ.

ಇನ್ನೊಂದು ತೊಂದರೆ: ರೆಕಾರ್ಡ್ ಎತ್ತಿ ತಟ್ಟೆ ಮೇಲೆ ಇಡುವ ಕೈ ಕೆಲವೊಮ್ಮೆ ಅರ್ಧದಲ್ಲೇ ನಿಲ್ಲುತ್ತದೆ. ಅದರ ಮೋಟಾರ್ ಗುಂಯ್ ಅನ್ನುತ್ತಲೇ ಇರುತ್ತದೆ. ಬೆರಳಿನಿಂದ ಸ್ವಲ್ಪ ತಳ್ಳಿದರೆ ಮುಂದೆ ಹೋಗುತ್ತದೆ. ಒಂದು ಅಂಗಡಿಯವರು ಫೋನಿನಲ್ಲೇ "ಎರಡೂ ಮೋಟಾರ್ ಹೋಗಿವೆ, ಬದಲಿಸಿ" ಅಂದರು. ಬಿಚ್ಚಿ ನೋಡದೆ ಹೇಗೆ ಹೇಳುತ್ತಾರೆ ಅಂತ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಿ.

ಸಂಜೆ ರೇಡಿಯೋ:

ಮೋಟಾರಿಗೂ ತಟ್ಟೆಗೂ ನಡುವೆ ಇರುವ ರಬ್ಬರ್ ಚಕ್ರ ನೋಡಿದಿರಾ? ಅದಕ್ಕೆ ಸ್ಪ್ರೇ ತಾಗಿದ್ದರೆ ಜಾರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ನೋಡಿ. ಮತ್ತೆ ಕರೆಂಟ್ ಇರುವಾಗ ಬೆರಳು ಹಾಕಬೇಡಿ, ದಯವಿಟ್ಟು.

ವೈಂಡಿಂಗ್ ಅಂಗಡಿ ಮಗ:

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್, ಹಿಟ್ಟಿನ ಗಿರಣಿ, ಫ್ಯಾನು, ಎಲ್ಲವೂ ನಮ್ಮ ಬಾಗಿಲಿಗೆ ಬರುತ್ತಿದ್ದವು. ಈಗ ಮಿಶಿಗನ್‌ನಲ್ಲಿದ್ದೇನೆ, ಬಿಡುವಿದ್ದಾಗಲೆಲ್ಲ ಜ್ಯೂಕ್‌ಬಾಕ್ಸ್ ರಿಪೇರಿಯೇ ನನ್ನ ಕೆಲಸ. ಮೊದಲೇ ಹೇಳಿಬಿಡುತ್ತೇನೆ: ಆ ಮೋಟಾರ್‌ಗಳನ್ನು ಎಸೆಯಬೇಡಿ.

ನೀವು ಬರೆದದ್ದರಲ್ಲೇ ಉತ್ತರ ಇದೆ. ತಣ್ಣಗಿದ್ದಾಗ ನಿಧಾನ, ಬಿಸಿಯಾದ ಮೇಲೆ ಸರಿ ಅಂದರೆ ಹಳೆಯ ಎಣ್ಣೆ ಅಂಟಾಗಿದೆ ಅಂತ ಅರ್ಥ. ಬಿಸಿಗೆ ಅಂಟು ಕರಗುತ್ತದೆ, ಮೋಟಾರ್ ಸಲೀಸಾಗಿ ತಿರುಗುತ್ತದೆ. ನೀವು ಹೊಡೆದ ಸ್ಪ್ರೇ ಆ ಅಂಟನ್ನು ಸಡಿಲ ಮಾಡಿತು, ಉಳಿದಿದ್ದ ಎಣ್ಣೆಯನ್ನೂ ತೊಳೆದು ಹಾಕಿತು. ಎರಡು ವಾರದಲ್ಲಿ ಸ್ಪ್ರೇ ಆರಿಹೋಯಿತು. ಈಗ ಬುಷ್, ಅಂದರೆ ಶಾಫ್ಟ್ ಕೂತು ತಿರುಗುವ ಲೋಹದ ಬಳೆ, ಒಣಗಿದೆ. ಒಣಗಿದ ಬುಷ್‌ನಲ್ಲಿ ಶಾಫ್ಟ್ ಉಜ್ಜಿ ಬಿಸಿಯಾಗುತ್ತದೆ, ಬಿಸಿಗೆ ಹಿಗ್ಗಿ ಇನ್ನೂ ಬಿಗಿಯಾಗುತ್ತದೆ. ಅದಕ್ಕೇ ಈಗ ಉಲ್ಟಾ.

ಪ್ಲಗ್ ಕಿತ್ತು, ರಬ್ಬರ್ ಚಕ್ರವನ್ನು ಪಕ್ಕಕ್ಕೆ ಸರಿಸಿ, ಶಾಫ್ಟನ್ನು ಬೆರಳಿನಿಂದ ತಿರುಗಿಸಿ ಬಿಡಿ. ಚೆನ್ನಾಗಿರುವ ಮೋಟಾರ್ ಹಲವು ಸುತ್ತು ತಾನಾಗಿ ತಿರುಗಿ ಮೆಲ್ಲಗೆ ನಿಲ್ಲುತ್ತದೆ. ನಿಮ್ಮದು ಬಿಟ್ಟ ಕೂಡಲೇ ನಿಂತರೆ ಬುಷ್‌ನದೇ ತೊಂದರೆ. ಆಮೇಲೆ ಮೂಗಿನ ಹತ್ತಿರ ಹಿಡಿಯಿರಿ. ಅಪ್ಪ ಯಾವ ಮೋಟಾರ್ ಬಂದರೂ ಮೊದಲು ಮೂಸಿ ನೋಡುತ್ತಿದ್ದರು. ವಾರ್ನಿಷ್ ಸುಟ್ಟ ವಾಸನೆ ಬೇರೆ, ಧೂಳು ಕಾದ ವಾಸನೆ ಬೇರೆ. ಮಲ್ಟಿಮೀಟರ್ ಇಟ್ಟು ನೋಡಿ. ಕಾಯಿಲ್‌ನ ಎರಡು ತುದಿಗಳ ನಡುವೆ ಓಮ್ಸ್ ತೋರಿಸಬೇಕು, ಕಾಯಿಲ್‌ಗೂ ಮೋಟಾರ್ ಬಾಡಿಗೂ ನಡುವೆ ಏನೂ ತೋರಿಸಬಾರದು. ಇಷ್ಟು ಸರಿಯಿದ್ದು, ಸುಟ್ಟ ವಾಸನೆಯೂ ಇಲ್ಲದಿದ್ದರೆ ರೀವೈಂಡಿಂಗ್ ಮಾತೇ ಬೇಡ.

ಈಗ ಬಿಚ್ಚುವ ಕೆಲಸ. ಇದನ್ನು ಅವಸರದಲ್ಲಿ ಮಾಡಬೇಡಿ. ಮೊದಲು ಫೋಟೋ ತೆಗೆದುಕೊಳ್ಳಿ. ಎರಡೂ ಕವರ್ ಮತ್ತು ನಡುವಿನ ಕಬ್ಬಿಣದ ಮೇಲೆ ಮೊಳೆಯಿಂದ ಒಂದು ಗೀರು ಎಳೆಯಿರಿ, ಜೋಡಿಸುವಾಗ ಗೀರಿಗೆ ಗೀರು ಕೂಡಬೇಕು. ಶಾಫ್ಟ್‌ನ ಎರಡು ತುದಿಯಲ್ಲೂ ತೆಳು ವಾಷರ್‌ಗಳಿರುತ್ತವೆ. ಯಾವ ಕಡೆ ಎಷ್ಟು, ಯಾವುದರ ಮೇಲೆ ಯಾವುದು, ಎಲ್ಲ ಬರೆದಿಡಿ. ನಾನು ಒಮ್ಮೆ ಆ ಕಡೆಯದನ್ನು ಈ ಕಡೆ ಹಾಕಿ ಒಂದು ಭಾನುವಾರ ಪೂರ್ತಿ ಕಳೆದುಕೊಂಡಿದ್ದೇನೆ. ಕಾಯಿಲ್‌ನಿಂದ ಹೊರಬರುವ ವೈರ್ 60 ವರ್ಷ ಹಳೆಯದು, ಬಗ್ಗಿಸಿದರೆ ಮೇಲಿನ ರಬ್ಬರ್ ಪುಡಿಯಾಗುತ್ತದೆ. ಅದನ್ನು ಎಳೆಯಬೇಡಿ.

ಈ ಸಣ್ಣ ಮೋಟಾರ್‌ಗಳ ಬುಷ್ ಸಾಮಾನ್ಯವಾಗಿ ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಕಣ್ಣಿಗೆ ಗಟ್ಟಿ ಲೋಹದ ಹಾಗೆ ಕಂಡರೂ ಒಳಗೆ ಸ್ಪಂಜಿನ ಹಾಗೆ ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ಸುತ್ತ ಒಂದು ಫೆಲ್ಟ್ ಬಳೆ ಇರುತ್ತದೆ, ಅದೇ ಎಣ್ಣೆಯ ಉಗ್ರಾಣ. ಬುಷ್ ಮತ್ತು ಶಾಫ್ಟನ್ನು ಮಿನರಲ್ ಸ್ಪಿರಿಟ್ಸ್‌ನಲ್ಲಿ ತೊಳೆಯಿರಿ, ಮನೆಯ ಹೊರಗೆ, ಬೆಂಕಿಯಿಂದ ದೂರ. ಶಾಫ್ಟ್ ಮೇಲಿನ ಕಂದು ಪದರ ಬಟ್ಟೆಗೇ ಹೋಗಬೇಕು, ಮರಳು ಕಾಗದ ಮುಟ್ಟಿಸಬೇಡಿ. ಪೂರ್ತಿ ಆರಿದ ಮೇಲೆ ಬುಷ್ ಮತ್ತು ಫೆಲ್ಟ್ ಎರಡನ್ನೂ ಬೆಚ್ಚಗಿನ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿಡಿ.

ಯಾವ ಎಣ್ಣೆ ಅಂತ ಕೇಳುತ್ತೀರಿ. ಎಲೆಕ್ಟ್ರಿಕ್ ಮೋಟಾರಿಗೆ ಅಂತಲೇ ಮಾಡಿದ ಎಸ್‌ಎಇ 20, ಡಿಟರ್ಜೆಂಟ್ ಇಲ್ಲದ್ದು. ಕಾರಿನ ಎಣ್ಣೆ ಬೇಡ. ಅಡುಗೆ ಎಣ್ಣೆ ಹಾಕಿದವರನ್ನೂ ಕಂಡಿದ್ದೇನೆ, ಅದು ಆರು ತಿಂಗಳಲ್ಲಿ ಬೆಲ್ಲದ ಪಾಕವಾಗುತ್ತದೆ.

ಜೋಡಿಸುವಾಗ ಸ್ಕ್ರೂಗಳನ್ನು ಒಂದೇ ಸಲ ಬಿಗಿ ಮಾಡಬೇಡಿ. ಸ್ವಲ್ಪ ಇದು, ಸ್ವಲ್ಪ ಅದು. ನಡುನಡುವೆ ಸ್ಕ್ರೂಡ್ರೈವರ್ ಹಿಡಿಯ ಮರದ ತುದಿಯಿಂದ ಕವರ್ ಮೇಲೆ ಮೆಲ್ಲಗೆ ತಟ್ಟಿ, ಶಾಫ್ಟ್ ತಿರುಗಿಸಿ ನೋಡಿ. ಬುಷ್ ತನ್ನ ಜಾಗ ಹುಡುಕಿಕೊಂಡು ಕೂರುತ್ತದೆ. ಸರಿ ಕೂತ ಕ್ಷಣ ಬೆರಳಿಗೆ ಗೊತ್ತಾಗುತ್ತದೆ, ಬಿಗಿ ಇದ್ದ ಶಾಫ್ಟ್ ಇದ್ದಕ್ಕಿದ್ದ ಹಾಗೆ ಹಗುರಾಗುತ್ತದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಕ್ಷಣವೇ.

ಇನ್ನು ರೆಕಾರ್ಡ್ ಎತ್ತುವ ಕೈಯ ಮೋಟಾರ್ ವಿಷಯ. ಅದಕ್ಕೆ ಎರಡೇ ವೈರ್ ಇದ್ದರೆ ಗೇರ್‌ಪೆಟ್ಟಿಗೆಯ ಗ್ರೀಸ್ ಮೇಣವಾಗಿರುವ ಸಾಧ್ಯತೆ ಜಾಸ್ತಿ. ಕೆರೆದು ತೆಗೆದು ಬಿಳಿ ಲಿಥಿಯಂ ಗ್ರೀಸನ್ನು ಹಲ್ಲಿಗೆ ತೆಳ್ಳಗೆ ಸವರಿ. ಮೂರು ವೈರ್ ಮತ್ತು ಒಂದು ಕಂಡೆನ್ಸರ್ (ಕೆಪಾಸಿಟರ್) ಇದ್ದರೆ ಮೊದಲು ಕಂಡೆನ್ಸರ್ ಬದಲಿಸಿ. ಮೇಲೆ ಬರೆದಿರುವ ಮೈಕ್ರೋಫ್ಯಾರಡ್ಡೇ ಇರಲಿ, ವೋಲ್ಟೇಜ್ ಕಡಿಮೆ ಆಗದಿರಲಿ, ಎಸಿ ಮೋಟಾರಿನದ್ದೇ ಆಗಿರಲಿ. ಎರಡರಲ್ಲಿ ಯಾವುದೇ ಆದರೂ ಗುಂಯ್ ಅನ್ನುತ್ತಾ ನಿಂತ ಮೋಟಾರಿಗೆ ಕರೆಂಟ್ ಬಿಟ್ಟುಕೊಂಡು ನೋಡುತ್ತಾ ಕೂರಬೇಡಿ. ಕಾಯಿಲ್ ಸುಡುವುದು ಆಗಲೇ.

ತೀರ್ಥಹಳ್ಳಿ ಹುಡುಗ:

ಅಣ್ಣ, ನೀವು ಹೇಳಿದ ಹಾಗೇ ಆಯಿತು. ಬುಷ್ ಪೂರ್ತಿ ಒಣಗಿತ್ತು, ಫೆಲ್ಟ್ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಹೊಸ ಫೆಲ್ಟ್ ಕತ್ತರಿಸಿ ಹಾಕಿದೆ. ಕೈಯ ಮೋಟಾರಿಗೆ ಎರಡೇ ವೈರ್, ಗ್ರೀಸ್ ಒಳ್ಳೇ ಸೋಪಿನ ಹಾಗೆ ಚೂರುಚೂರಾಗಿ ಬಂತು. ನಿನ್ನೆ ಮೂರು ಗಂಟೆ ಓಡಿಸಿದೆ. ರೆಕಾರ್ಡ್ ಮೇಲೆ ಒಂದು ಚೂರು ಕಾಗದ ಅಂಟಿಸಿ ಎಣಿಸಿದೆ. ನಿಮಿಷಕ್ಕೆ 45 ಸುತ್ತು, ಶುರುವಿನಲ್ಲೂ ಅಷ್ಟೇ, ಕೊನೆಗೂ ಅಷ್ಟೇ.

ಅಪ್ಪನ ಹಳೆಯ ಕನ್ನಡ ಇಪಿ (ಚಿಕ್ಕ ರೆಕಾರ್ಡ್) ನಾಲ್ಕಿವೆ, 45ರ ವೇಗದವೇ. ಆದರೆ ನಡುವಿನ ತೂತು ಚಿಕ್ಕದು. ಕೊರೆದು ದೊಡ್ಡದು ಮಾಡಬಹುದಾ?

ಮೈಸೂರು ಮಲ್ಲಿಗೆ ಬೀದಿ:

ನಾನೂ ಒಂದು ಹಳೆಯ ಜ್ಯೂಕ್‌ಬಾಕ್ಸನ್ನು ಅಮೆರಿಕದಿಂದ ಮೈಸೂರಿಗೆ ತಂದಿದ್ದೇನೆ. 230ರಿಂದ 115 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ. ಆದರೂ ಹಾಡು ಎಳೆದ ಹಾಗೆ ಬರುತ್ತದೆ. ಇದಕ್ಕೂ ಎಣ್ಣೆಯೇ ಕಾರಣವಾ?

ವೈಂಡಿಂಗ್ ಅಂಗಡಿ ಮಗ:

ಮೈಸೂರಿನವರಿಗೆ: ಎಣ್ಣೆ ಒಮ್ಮೆ ನೋಡಿಕೊಳ್ಳಿ, ಆದರೆ ನಿಮ್ಮ ಮುಖ್ಯ ಕಾರಣ ಬೇರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಸೈಕಲ್ (ಕರೆಂಟಿನ ಆವರ್ತನ, ಹರ್ಟ್ಸ್) ಬದಲಿಸುವುದಿಲ್ಲ. ಅಲ್ಲಿಯ ಮೋಟಾರ್ 60 ಸೈಕಲ್‌ಗೆ ಮಾಡಿದ್ದು, ನಮ್ಮಲ್ಲಿ ಕರೆಂಟ್ 50. ಹಾಗಾಗಿ 45 ಸುತ್ತು ಹಾಕಬೇಕಾದ ತಟ್ಟೆ 37.5ರ ಹತ್ತಿರ ಹಾಕುತ್ತದೆ. ಶ್ರುತಿ ಹಾರ್ಮೋನಿಯಂನ ಮೂರು ಮನೆಗಿಂತ ಸ್ವಲ್ಪ ಜಾಸ್ತಿಯೇ ಕೆಳಗೆ ಬೀಳುತ್ತದೆ. ರಬ್ಬರ್ ಚಕ್ರದ ಮಾದರಿಯಾದರೆ ಶಾಫ್ಟ್ ತುದಿಯ ಪುಲ್ಲಿಯ ವ್ಯಾಸವನ್ನು 1.2 ಪಟ್ಟು ಮಾಡಿಸಿ. ಒಳ್ಳೆಯ ಲೇತ್ ಕೆಲಸದವರು ಹಿತ್ತಾಳೆಯಲ್ಲಿ ಒಂದು ಬಳೆ ಕಡೆದು ಕೊಡುತ್ತಾರೆ. ಒಂದು ಚೂರೂ ಅಲುಗದ ಹಾಗೆ ಕೂರಬೇಕು, ಇಲ್ಲದಿದ್ದರೆ ಹಾಡು ನಡುಗುತ್ತದೆ. 50 ಸೈಕಲ್‌ನಲ್ಲಿ ಮೋಟಾರ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ, ಗಾಳಿಯಾಡಲು ಜಾಗ ಬಿಡಿ.

ತೀರ್ಥಹಳ್ಳಿಯವರೇ, ಅಪ್ಪನ ಇಪಿಗಳನ್ನು ಕೊರೆಯಬೇಡಿ. ಜ್ಯೂಕ್‌ಬಾಕ್ಸ್ ರೆಕಾರ್ಡಿನ ತೂತು ಒಂದೂವರೆ ಇಂಚು. ಕೂದಲೆಳೆಯಷ್ಟು ಆ ಕಡೆ ಈ ಕಡೆ ಆದರೂ ಹಾಡು ಅಲೆ ಅಲೆಯಾಗಿ ಕೇಳುತ್ತದೆ, ಮತ್ತೆ ಸರಿ ಮಾಡಲಾಗದು. ಅವುಗಳಿಗೆ ಒಂದು ಸಾಧಾರಣ ರೆಕಾರ್ಡ್ ಪ್ಲೇಯರ್ ಇಟ್ಟುಕೊಳ್ಳಿ. ಅದರ ಮೋಟಾರಿಗೆ ಎಣ್ಣೆ ಬೇಕಾದರೆ ಇಲ್ಲೇ ಕೇಳಿ.