ಫಿಫಾ ಏಜೆಂಟ್ ಪರೀಕ್ಷೆ: ಕನ್ನಡ ಮೀಡಿಯಂನವನು ಎಲ್ಲಿಂದ ಶುರು ಮಾಡಲಿ?

ಲೆಫ್ಟ್‌ಬ್ಯಾಕ್ 34

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾನು ಬೆಂಗಳೂರಿನ ಗೌತಮಪುರದವನು. ನಮ್ಮ ಏರಿಯಾದಲ್ಲಿ ಪೆಲೆ ಪ್ರತಿಮೆ ಇದೆ, ಉಳಿದದ್ದು ನೀವೇ ಅರ್ಥ ಮಾಡ್ಕೊಳ್ಳಿ. ಜಿಲ್ಲಾ ಲೀಗಿನ 'ಎ' ಡಿವಿಷನ್‌ನಲ್ಲಿ ಆರು ವರ್ಷ ಲೆಫ್ಟ್ ಬ್ಯಾಕ್ ಆಡಿದೆ. ಅಶೋಕನಗರ ಸ್ಟೇಡಿಯಂನಲ್ಲಿ ಒಂದು ಮ್ಯಾಚ್‌ನಲ್ಲಿ ಬಲ ಮಂಡಿ ಹೋಯ್ತು, ಆಟ ಅಲ್ಲಿಗೆ ಮುಗೀತು. ಈಗ ಕೊರಿಯರ್ ಗೋಡೌನಿನಲ್ಲಿ ರಾತ್ರಿ ಪಾಳಿ. ಶನಿವಾರ, ಭಾನುವಾರ ಬೆಳಗ್ಗೆ ಒಂದು ಸಣ್ಣ ಕ್ಲಬ್ಬಿನ ಮಕ್ಕಳಿಗೆ ಕೋಚಿಂಗ್ ಕೊಡ್ತೀನಿ, ತಿಂಗಳಿಗೆ ಆರು ಸಾವಿರ.

ಆ ಕ್ಲಬ್ಬಿನಲ್ಲಿ ಒಬ್ಬ ಹುಡುಗ ಇದಾನೆ, 16 ವರ್ಷ. ಎರಡೂ ಕಾಲಲ್ಲಿ ಒದೀತಾನೆ, ತಲೆ ಎತ್ತಿ ಆಡ್ತಾನೆ. ಅಪ್ಪ ಇಲ್ಲ, ಅಮ್ಮ ಬ್ಲೌಸ್ ಹೊಲೀತಾರೆ. ಹೋದ ತಿಂಗಳು ಯಾರೋ ಒಬ್ಬರು ಮನೆಗೆ ಬಂದು ಛಾಪಾ ಕಾಗದ ಕೊಟ್ಟು ಹೋಗಿದ್ದಾರೆ. ಐದು ವರ್ಷ ಅವರೇ ಹುಡುಗನ ಏಜೆಂಟ್, ಅವನಿಗೆ ಬಂದ ದುಡ್ಡಲ್ಲಿ ನೂರಕ್ಕೆ ಇಪ್ಪತ್ತು ಅವರಿಗೆ. ಆ ಅಕ್ಕ ಅದನ್ನ ತಂದು ನನ್ನ ಕೈಗೆ ಕೊಟ್ಟು "ಓದಿ ಹೇಳಪ್ಪ" ಅಂದ್ರು. ಪೂರ್ತಿ ಇಂಗ್ಲಿಷು. ಎರಡನೇ ಪುಟಕ್ಕೆ ನನ್ನ ಓದು ನಿಂತೇ ಹೋಯ್ತು. "ನಾಳೆ ಹೇಳ್ತೀನಿ ಅಕ್ಕ" ಅಂತ ಕಳಿಸಿದೆ. ಅವತ್ತು ರಾತ್ರಿ ಗೋಡೌನಿನಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡ್ತಾ ಮಾಡ್ತಾ ತಲೆಗೆ ಬಂದಿದ್ದು ಇದು: ಇದನ್ನ ಓದೋಕೆ ಬರೋನು ನಾನೇ ಯಾಕಾಗಬಾರದು?

ನನ್ನ ಪ್ರಶ್ನೆಗಳು:

ಆಟಗಾರರ ಪರವಾಗಿ ಕ್ಲಬ್ಬುಗಳ ಜೊತೆ ಒಪ್ಪಂದ ಮಾತಾಡೋ ಏಜೆಂಟ್ ಆಗೋಕೆ ಫಿಫಾ ಲೈಸೆನ್ಸ್ ಬೇಕು, ಅದಕ್ಕೊಂದು ಪರೀಕ್ಷೆ. ಅದು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ ಮಾತ್ರ ಅಂತೆ. ಹತ್ತನೇ ಕ್ಲಾಸ್‌ವರೆಗೆ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ ಓದಿದ ನನ್ನಂಥವನಿಗೆ ಆಗುತ್ತಾ? ಒಂದು ಆನ್‌ಲೈನ್ ಕ್ಲಾಸ್‌ನವರು 38 ಸಾವಿರ ಕೇಳ್ತಿದಾರೆ, ಪಾಸ್ ಗ್ಯಾರಂಟಿ ಅಂತಾರೆ. ಸೇರಬೇಕಾ? ಪುಸ್ತಕ ನೋಡಿಕೊಂಡೇ ಬರೀಬಹುದು ಅಂತಲೂ ಕೇಳಿದೆ, ಹಂಗಿದ್ರೆ ಜನ ಯಾಕೆ ಫೇಲ್ ಆಗ್ತಾರೆ? ಪಾಸಾದ ಮೇಲೆ ಈ ಹುಡುಗನನ್ನ ನಾನೇ ನೋಡಿಕೊಳ್ಳಬಹುದು ತಾನೇ?

ಇನ್ನೊಂದು. ಹೋದ ವರ್ಷ ಇನ್ನೊಬ್ಬ ಹುಡುಗನನ್ನ ಹೊರಗಿನ ಒಂದು ಕ್ಲಬ್ಬಿನ ಟ್ರಯಲ್ಸ್‌ಗೆ ಕರ್ಕೊಂಡು ಹೋಗಿ ಸೇರಿಸಿದೆ. ಬಸ್ ಚಾರ್ಜ್ ಅಂತ ಆ ಕ್ಲಬ್ಬಿನವರು ಐದು ಸಾವಿರ ಕೊಟ್ರು. ಅನುಭವ ಇದೆ ಅಂತ ಅರ್ಜಿಯಲ್ಲಿ ಬರೀಬಹುದಾ?

ಕುಡ್ಲ ಕಾರ್ನರ್ ಕಿಕ್

ಮಾರಾಯ್ರೇ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ಅಪಾಯ ಇರುವುದು ಅಲ್ಲಿ. ಅದನ್ನು "ಅನುಭವ" ಅಂತ ಎಲ್ಲಿಯೂ ಹೇಳಿಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ, ಸುಳ್ಳು ಬರೆಯಲಿಕ್ಕೆ ಹೇಳಿದ ಹಾಗಾಗ್ತದೆ. ಆದ್ರೆ ನಿಯಮ ಏನು ಅಂತ ತಿಳ್ಕೊಳ್ಳಿ. ಅರ್ಜಿಗೆ ಹಿಂದಿನ 24 ತಿಂಗಳಲ್ಲಿ ಲೈಸೆನ್ಸ್ ಇಲ್ಲದೆ ಏಜೆಂಟ್ ಕೆಲಸ ಮಾಡಿದ್ದು ಸಾಬೀತಾಗಿದ್ರೆ ಅರ್ಹತೆ ಇಲ್ಲ. ನೀವು ತಗೊಂಡದ್ದು ಬಸ್ ಚಾರ್ಜೋ ಕಮಿಷನ್ನೋ ಅನ್ನುವುದನ್ನು ಯಾರಾದ್ರೂ ವಕೀಲರ ಹತ್ರ ಕೂತು ಮಾತಾಡಿ. ಇನ್ನು ಮುಂದೆ ಒಂದು ರೂಪಾಯಿಯೂ ಬೇಡ.

ಎರಡನೆಯದು ಇನ್ನೂ ಕಹಿ. ಕ್ಲಬ್ಬಿನ ನೌಕರ ಅಥವಾ ಪದಾಧಿಕಾರಿ ಏಜೆಂಟ್ ಆಗಲಿಕ್ಕಿಲ್ಲ. ಆರು ಸಾವಿರದ ಕೋಚ್ ಆದ್ರೂ ಅಷ್ಟೇ. ಓದಲಿಕ್ಕೆ ತಡೆ ಇಲ್ಲ, ಆದ್ರೆ ಅರ್ಜಿ ಹಾಕುವ ಮೊದಲು ಆ ಕೆಲಸ ಬಿಡಬೇಕು, ಲೈಸೆನ್ಸ್ ಇರುವಷ್ಟು ಕಾಲವೂ ಹಾಗೇ. ಇದು ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಯೂ ಹೌದು, ನಿಮ್ಮ ಮನೆಯ ಪ್ರಶ್ನೆಯೂ ಹೌದು.

ಈಗ ಪರೀಕ್ಷೆಯ ವಿಷಯ. ನಾನು ಮಂಗಳೂರಿನಲ್ಲಿ ಒಂದು ಫಿಶ್ ಮಿಲ್ಲಿನ ಲೆಕ್ಕ ಬರೆಯುವವ. 2023ರ ಏಪ್ರಿಲ್ 19ರಂದು ಮೊದಲ ಪರೀಕ್ಷೆ ಆಯ್ತಲ್ಲ, ಅದಕ್ಕೆ ಕೂತಿದ್ದೆ. ಜಗತ್ತಿನಲ್ಲಿ 3,800 ಜನ ಬರೆದದ್ದು, 1,962 ಜನ ಪಾಸು. ಉಳಿದ 1,838ರಲ್ಲಿ ನಾನೊಬ್ಬ. ಸೆಪ್ಟೆಂಬರ್‌ನಲ್ಲಿ ಪುನಃ ಬರೆದು ಪಾಸಾದೆ. ಹಾಗಾಗಿ ಫೇಲಾಗುವುದು ಹೇಗೆ ಅಂತ ನನ್ನಷ್ಟು ಚೆನ್ನಾಗಿ ಯಾರೂ ಹೇಳ್ಲಿಕ್ಕಿಲ್ಲ.

20 ಪ್ರಶ್ನೆ, 60 ನಿಮಿಷ, ಪಾಸಿಗೆ ಶೇ. 75, ಅಂದ್ರೆ 15 ಸರಿ ಬೇಕು. ಒಂದಕ್ಕೆ ಮೂರೇ ನಿಮಿಷ. ಪುಸ್ತಕ ನೋಡಬಹುದು ಅಂತ ನಾನು ಆರಾಮಾಗಿ ಹೋದೆ. ಪ್ರಶ್ನೆ ಓದುವುದು, ಪಿಡಿಎಫ್‌ನಲ್ಲಿ ಕಂಟ್ರೋಲ್ ಎಫ್ ಒತ್ತುವುದು, "ಏಜೆಂಟ್" ಅಂತ ಹುಡುಕುವುದು. ಏಜೆಂಟ್ ನಿಯಮಾವಳಿಯಲ್ಲಿ ಏಜೆಂಟ್ ಅನ್ನುವ ಪದ ಎಷ್ಟು ಸಲ ಬರ್ತದೆ ಹೇಳಿ! ಸಮುದ್ರದಲ್ಲಿ ಉಪ್ಪು ಹುಡುಕಿದ ಹಾಗೆ. ಕೊನೆಯ ನಾಲ್ಕು ಪ್ರಶ್ನೆ ಓದಲಿಕ್ಕೇ ಆಗಲಿಲ್ಲ. ಹದಿನಾರರಲ್ಲಿ ಹದಿನೈದು ಸರಿ ಮಾಡುವ ಗಂಡು ನಾನಲ್ಲ. ಸಾಲದ್ದಕ್ಕೆ ಕೆಲವು ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರ ಸರಿ ಇರ್ತದೆ.

ಎರಡನೇ ಸಲ ಮಾಡಿದ್ದು ಇಷ್ಟೇ. ಏಜೆಂಟ್ ನಿಯಮಾವಳಿ ಮತ್ತು ಆಟಗಾರರ ವರ್ಗಾವಣೆಯ ನಿಯಮಾವಳಿ (ಎಲ್ಲರೂ ಆರ್‌ಎಸ್‌ಟಿಪಿ ಅಂತಾರೆ), ಈ ಎರಡನ್ನು ಪ್ರಿಂಟ್ ತೆಗೆದೆ. ಶಿಸ್ತು ಸಂಹಿತೆ, ನೀತಿ ಸಂಹಿತೆ, ತಗಾದೆ ತೀರಿಸುವ ಫುಟ್‌ಬಾಲ್ ಟ್ರಿಬ್ಯೂನಲ್, ತರಬೇತಿಯ ಪಾಲಿನ ಹಣ ಹಂಚುವ ಕ್ಲಿಯರಿಂಗ್ ಹೌಸ್, ಇವುಗಳ ನಿಯಮವೆಲ್ಲ ಒಮ್ಮೆ ಓದಿ ಎಲ್ಲಿ ಏನುಂಟು ಅಂತ ಗುರುತು ಹಾಕಿದೆ, ಬಾಯಿಪಾಠ ಇಲ್ಲ. ಆಮೇಲೆ 200 ಪುಟದ ನೋಟ್ ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆ. ಹೌದು, ಕನ್ನಡದಲ್ಲೇ. ನಮ್ಮ ಗೆಜೆಟ್ ಕನ್ನಡ ನೋಡಿದ್ದೀರಲ್ಲ, "ಮಾಡತಕ್ಕದ್ದು", "ಮಾಡಬಹುದು", "ಪರಂತು" ಅಂತ? ಇಂಗ್ಲಿಷಿನ "ಶಲ್" ಬಂದಲ್ಲೆಲ್ಲ ತಕ್ಕದ್ದು, "ಮೇ" ಬಂದಲ್ಲೆಲ್ಲ ಬಹುದು. ಇವೆರಡರ ನಡುವೆಯೇ ಅರ್ಧ ಪ್ರಶ್ನೆಗಳು ಸಿಕ್ಕಿಹಾಕಿಕೊಂಡಿರ್ತವೆ. ಇಂಗ್ಲಿಷ್ ಸಾಹಿತ್ಯ ಬೇಕಾಗಿಲ್ಲ. ಸುಮಾರು ನೂರೈವತ್ತು ಪದ ಗಟ್ಟಿ ಬೇಕು, ಅವೆಲ್ಲ ಡೆಫಿನಿಷನ್ ಪುಟಗಳಲ್ಲೇ ಉಂಟು.

ಲೆಕ್ಕದ ಪ್ರಶ್ನೆಗೆ ಹೆದರಬೇಡಿ. ಆಟಗಾರನನ್ನು ಚಿಕ್ಕಂದಿನಲ್ಲಿ ತಯಾರು ಮಾಡಿದ ಕ್ಲಬ್ಬುಗಳಿಗೆ ವರ್ಗಾವಣೆಯ ಹಣದಲ್ಲಿ ಪಾಲು ಉಂಟು. ಒಂದು ಮಾದರಿ: ಒಪ್ಪಂದದ ನಡುವೆ ಆಟಗಾರ 2 ಲಕ್ಷ ಡಾಲರ್‌ಗೆ ಬೇರೆ ದೇಶದ ಕ್ಲಬ್ಬಿಗೆ ಹೋದ. ನಿಮ್ಮ ಕ್ಲಬ್ಬು ಅವನನ್ನು 14ನೇ ಹುಟ್ಟುಹಬ್ಬದ ಸೀಸನ್‌ನಿಂದ 17ರ ಸೀಸನ್‌ವರೆಗೆ ತಯಾರು ಮಾಡಿದೆ. 12ರಿಂದ 15ರ ಸೀಸನ್‌ಗಳಿಗೆ ತಲಾ ಶೇ. 0.25, 16ರಿಂದ 23ಕ್ಕೆ ತಲಾ 0.5. ನಿಮ್ಮದು 0.25 ಎರಡು ಸಲ, 0.5 ಎರಡು ಸಲ, ಒಟ್ಟು ಶೇ. 1.5. 3,000 ಡಾಲರ್. ಒಪ್ಪಂದ ಮುಗಿದು ಪುಕ್ಕಟೆ ಹೋದ್ರೆ ಇದು ಸೊನ್ನೆ, ಅಲ್ಲೇ ಜನ ಬೀಳುವುದು.

ಆರ್‌ಎಸ್‌ಟಿಪಿಯ 14 ಬಿಸ್ ವಿಧಿಯನ್ನೂ ಬಿಡಬೇಡಿ: ಎರಡು ತಿಂಗಳ ಸಂಬಳ ಬಾಕಿ, ಲಿಖಿತ ನೋಟಿಸು, ಕನಿಷ್ಠ 15 ದಿನದ ಗಡುವು, ಆಮೇಲೆ ಆಟಗಾರ ಒಪ್ಪಂದ ಮುರಿಯಬಹುದು. 2025ರ ಜುಲೈಯಲ್ಲಿ ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ ತಡೆಹಿಡಿದಾಗ ನನಗೆ ಬಂದ ಫೋನುಗಳಲ್ಲೆಲ್ಲ ಇದೇ ಮಾತು.

38 ಸಾವಿರ ಕೊಡಬೇಡಿ. ಓದುವ ಸಾಮಗ್ರಿಯನ್ನು ಫಿಫಾ ಪುಕ್ಕಟೆ ಕೊಡ್ತದೆ. ನಿಯಮ ಬದಲಾಗ್ತಾ ಇರ್ತದೆ, ಹಳೇ ಪಿಡಿಎಫ್ ಯಾರು ಕಳಿಸಿದ್ರೂ ಬಿಸಾಡಿ. ನಾವೆಲ್ಲ ಅವರು ಹೇಳಿದ ಜಾಗಕ್ಕೆ ಹೋಗಿ ಸ್ವಂತ ಲ್ಯಾಪ್‌ಟಾಪ್ ಇಟ್ಟು ಪರೀಕ್ಷೆ ಬರೆದವರು. 2025ರಲ್ಲಿ ಆನ್‌ಲೈನ್ ಮಾಡಿದ್ರು, ಕ್ಯಾಮೆರಾ ನೋಡ್ತಾ ಇರ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಕೂರಬೇಡಿ, ರಜೆ ಹಾಕಿ.

ವಕೀಲೆ, ಧಾರವಾಡ

ಆ ಛಾಪಾ ಕಾಗದದ ಬಗ್ಗೆ ಮಾತ್ರ ಹೇಳ್ತೀನಿ. ಹುಡುಗನಿಗೆ 18 ತುಂಬಿಲ್ಲ. ನಮ್ಮ 1872ರ ಕರಾರು ಕಾಯ್ದೆ ಪ್ರಕಾರ ಅವನು ಹಾಕಿದ ಸಹಿಗೆ ಕಿಮ್ಮತ್ತಿಲ್ಲ. 1903ರಲ್ಲೇ ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟ್ ಆಗಿದ್ದ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ಇದನ್ನ ಇತ್ಯರ್ಥ ಮಾಡೇದ. ಆದರ ತಾಯಿ ಸಹಿ ಹಾಕಿದರ ಅವರನ್ನ ಹೆದರಿಸಲಿಕ್ಕೆ ಆ ಕಾಗದ ಸಾಕು. ಹಾಕಬ್ಯಾಡ್ರಿ ಅಂತ ಇವತ್ತೇ ಹೇಳ್ರಿ.

ಫಿಫಾ ನಿಯಮದಾಗ ಆಟಗಾರನ ಜೊತೆ ಒಪ್ಪಂದ ಎರಡು ವರ್ಷಕ್ಕಿಂತ ಹೆಚ್ಚು ಇರೋ ಹಾಗಿಲ್ಲ, ತಾನಾಗೇ ಮುಂದುವರಿಯೋ ಹಾಗೂ ಇಲ್ಲ. ಅಪ್ರಾಪ್ತನನ್ನ ಮಾತಾಡಿಸಬೇಕಾದರ, ಅವನು ಮೊದಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಬಹುದಾದ ವಯಸ್ಸಿಗೆ ಆರು ತಿಂಗಳು ಒಳಗ ಇರಬೇಕು, ಪಾಲಕರ ಲಿಖಿತ ಒಪ್ಪಿಗೆ ಮೊದಲೇ ಬೇಕು, ಏಜೆಂಟ್ ಅಪ್ರಾಪ್ತರ ಕುರಿತ ಕೋರ್ಸ್ ಮುಗಿಸಿರಬೇಕು. ಇದು ಆ ಮನುಷ್ಯಗ ಹೆಂಗ ಅನ್ವಯ ಆಗ್ತದೋ, ನಾಳೆ ಲೈಸೆನ್ಸ್ ತಗೊಂಡ ಮ್ಯಾಲೆ ನಿಮಗೂ ಹಂಗೇ. ದೇಶದೊಳಗಿನ ವ್ಯವಹಾರಕ್ಕ ನಮ್ಮ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ನಿಯಮ ಬೇರೆ ಓದಬೇಕು. ಬಂದವರಿಗೆ ಲೈಸೆನ್ಸ್ ಐತೇನು ಅಂತ ಫಿಫಾ ಜಾಲತಾಣದ ಪಟ್ಟಿಯೊಳಗ ಹೆಸರು ಹಾಕಿ ನೋಡ್ರಿ, ಎರಡು ನಿಮಿಷದ ಕೆಲಸ.

ಆಫ್‌ಸೈಡ್ ಆನಂದ

ಅಣ್ಣ, ಎಲ್ಲರೂ ನಿಯಮ ಹೇಳಿದ್ರು, ನಾನು ದುಡ್ಡು ಹೇಳ್ತೀನಿ. ಲೈಸೆನ್ಸ್ ಫೀಸು ವರ್ಷಕ್ಕೆ 600 ಡಾಲರ್. ಐವತ್ತು ಸಾವಿರ ದಾಟುತ್ತೆ. ನಿಮ್ಮ ಹುಡುಗ ಬೆಳೆದು ವರ್ಷಕ್ಕೆ 12 ಲಕ್ಷದ ಒಪ್ಪಂದ ಮಾಡ್ಕೊಂಡ ಅಂತಿಟ್ಕೊಳ್ಳಿ. ಏಜೆಂಟ್ ಕಮಿಷನ್ನಿಗೆ ಫಿಫಾ ಇಟ್ಟಿದ್ದ ಮಿತಿ ಶೇ. 5, ಅಂದ್ರೆ 60 ಸಾವಿರ. ಫೀಸು ಕಟ್ಟಿ ಉಳಿದದ್ದರಲ್ಲಿ ಅವನನ್ನ ನೋಡೋಕೆ ಟ್ರೈನ್ ಹತ್ತಿದ್ರೆ ಮುಗೀತು. ಆ ಶೇ. 5ರ ಮಿತಿಯನ್ನ ಕೋರ್ಟ್ ಕೇಸಿನಿಂದ 2023ರ ಡಿಸೆಂಬರ್ 30ಕ್ಕೆ ಫಿಫಾನೇ ತಡೆಹಿಡೀತು, ಆದ್ರೆ ಅದಕ್ಕಿಂತ ಜಾಸ್ತಿ ನಮ್ಮೂರ ಹುಡುಗರ ಹತ್ರ ನಿಮ್ಮಂಥವರು ಕೇಳ್ತೀರಾ? ಗೋಡೌನ್ ಕೆಲಸ ಬಿಡಬೇಡಿ.

ಲೆಫ್ಟ್‌ಬ್ಯಾಕ್ 34

ಎಲ್ಲರಿಗೂ ಕೈ ಮುಗಿದೆ. ಧಾರವಾಡದ ಮೇಡಂ, ನೀವು ಬರೆದಿದ್ದನ್ನ ಆ ಅಕ್ಕನ ಮುಂದೆ ಕೂತು ಓದಿ ಹೇಳಿದೆ. ಪಟ್ಟಿಯಲ್ಲಿ ಆ ಹೆಸರು ಇಲ್ಲ. ಅಕ್ಕ ಕಾಗದ ಹರಿಯಲಿಲ್ಲ, ಹೊಲಿಗೆ ಮಷೀನಿನ ಡ್ರಾಯರ್‌ನಲ್ಲಿ ಮಡಚಿ ಇಟ್ರು. "ಮತ್ತೆ ಬಂದ್ರೆ ವಾಪಸ್ ಕೊಡ್ತೀನಿ, ಅವರ ನೂರು ರೂಪಾಯಿ ಕಾಗದ ನಮಗ್ಯಾಕೆ" ಅಂದ್ರು.

ಕುಡ್ಲದ ಸರ್, ಕ್ಲಬ್ ಬಿಡಬೇಕು ಅನ್ನೋದು ಗೊತ್ತಿರಲಿಲ್ಲ. ಎರಡು ದಿನ ಅದೇ ಯೋಚನೆ. ಆರು ಸಾವಿರದ್ದಲ್ಲ ಬೇಜಾರು. ಹತ್ತು ವರ್ಷದ ಮಕ್ಕಳು ಹದಿನೆಂಟು ಜನ ಇದಾರೆ, ಭಾನುವಾರ ಆರೂವರೆಗೆ ಗೇಟ್ ಹತ್ರ ಬೂಟು ಕೈಯಲ್ಲಿ ಹಿಡ್ಕೊಂಡು ನಿಂತಿರ್ತಾರೆ. ಅರ್ಜಿ ವಿಷಯ ಆಮೇಲೆ ನೋಡ್ತೀನಿ. ಓದಂತೂ ಶುರು ಮಾಡ್ತೀನಿ, ಇನ್ನೊಂದು ಅಕ್ಕ ಇನ್ನೊಂದು ಕಾಗದ ತಂದ್ರೆ ನಾಳೆ ಬನ್ನಿ ಅನ್ನೋಕೆ ನನಗೆ ಆಗಲ್ಲ. ಹಲಸೂರಿನ ಅಂಗಡಿಯಲ್ಲಿ ಪ್ರಿಂಟ್ ಪುಟಕ್ಕೆ ಎರಡು ರೂಪಾಯಿ. ಎರಡೂ ನಿಯಮಾವಳಿ ಪೂರ್ತಿ ತೆಗೆಸಲಾ?

ಕುಡ್ಲ ಕಾರ್ನರ್ ಕಿಕ್

ಪೂರ್ತಿ ತೆಗೆಸಿ. ಡೆಫಿನಿಷನ್ ಪುಟಗಳನ್ನು ಮಾತ್ರ ಎರಡು ಪ್ರತಿ ಮಾಡಿ, ಒಂದು ಹೇಗೂ ಹರಿದು ಹೋಗ್ತದೆ.