ಹಲ್ಲುನೋವಿಗೆ ಆಂಟಿಬಯೋಟಿಕ್ ಬೇಕೇ ಬೇಕಾ?

ಪ್ರಶ್ನೆ: ಮೇಡಂ, ನಮ್ಮ ಯಜಮಾನರ ದವಡೆ ಹಲ್ಲು ಹುಳುಕಾಗಿದೆ. ತಣ್ಣೀರು ತಾಗಿದರೆ ಜೀವ ಹೋದಂತಾಗುತ್ತದೆ, ರಾತ್ರಿ ನಿದ್ದೆಯಿಲ್ಲ. ಊತ, ಜ್ವರ ಇಲ್ಲ. ಡಾಕ್ಟರು ರೂಟ್ ಕೆನಾಲ್ ಶುರು ಮಾಡಿ, ಬರೀ ನೋವಿನ ಮಾತ್ರೆ ಬರೆದುಕೊಟ್ಟರು. ಹೋದ ವರ್ಷ ಮೆಡಿಕಲ್ ಶಾಪಿನವರು ಕೊಟ್ಟಿದ್ದ ಆಂಟಿಬಯೋಟಿಕ್, ಅಮಾಕ್ಸಿಸಿಲಿನ್, ಅರ್ಧ ಸ್ಟ್ರಿಪ್ ಉಳಿದಿದೆ. ಆಗ ಅದರಲ್ಲೇ ವಾಸಿಯಾಗಿತ್ತು. ಕೊಡಲಾ?

ಉತ್ತರ (ದಂತವೈದ್ಯೆ): ಬೇಡಮ್ಮಾ. ನಿಮ್ಮ ಡಾಕ್ಟರು ಮಾಡಿದ್ದು ಸರಿ. ಹಲ್ಲಿನೊಳಗೆ ನರ, ರಕ್ತನಾಳ ಇರುವ ಮೆತ್ತನೆಯ ಭಾಗವಿದೆ. ಹುಳುಕು ಅಲ್ಲಿಗೆ ಮುಟ್ಟಿದರೆ ಅದು ಊದಿಕೊಳ್ಳುತ್ತದೆ. ಸುತ್ತ ಗಟ್ಟಿ ಗೋಡೆ, ಹಿಗ್ಗಲು ಜಾಗವಿಲ್ಲ. ಅದಕ್ಕೇ ಅಷ್ಟು ನೋವು. ಆಂಟಿಬಯೋಟಿಕ್‌ಗೆ ಇದು ಬಗ್ಗುವುದಿಲ್ಲ. ನರ ಸತ್ತ ಮೇಲಂತೂ ಒಳಗೆ ರಕ್ತವೇ ಓಡಾಡುವುದಿಲ್ಲ, ಮಾತ್ರೆ ಅಲ್ಲಿಗೆ ತಲುಪುವುದಾದರೂ ಹೇಗೆ? ಹೋದ ಸಲ ಜೊತೆಗೆ ನೋವಿನ ಮಾತ್ರೆಯೂ ಕೊಟ್ಟಿರುತ್ತಾರೆ, ಅಲ್ವಾ? ಆರಾಮ ಸಿಕ್ಕಿದ್ದು ಅದರಿಂದಲೇ ಇರಬೇಕು.

ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಬೇರೆ ತೊಂದರೆಯಿಲ್ಲದ ದೊಡ್ಡವರಿಗೆ ಮೊದಲು ಹಲ್ಲಿನ ಚಿಕಿತ್ಸೆ, ನೋವಿಗೆ ಐಬುಪ್ರೊಫೇನ್, ಪ್ಯಾರಾಸಿಟಮಾಲ್. ಕಿಡ್ನಿ ತೊಂದರೆ ಅಥವಾ ಹೊಟ್ಟೆಯಲ್ಲಿ ಹುಣ್ಣು ಇದ್ದರೆ ಐಬುಪ್ರೊಫೇನ್ ಬೇಡ.

ಇನ್ನೊಬ್ಬರು: ಹಲ್ಲು ಕೀಳಿಸಿದಾಗೆಲ್ಲ ನನಗೆ ಐದು ದಿನದ ಕೋರ್ಸ್ ಕೊಡ್ತಾರಲ್ಲ ಮೇಡಂ. ಅದು ಸುಮ್ನೆನಾ?

ಉತ್ತರ: ಎಷ್ಟೋ ಸಲ ಹೌದು. "ಸುಮ್ನೆ ಯಾಕೆ ರಿಸ್ಕ್" ಅಂತ ಬರೆದುಬಿಡುವವರು ನಮ್ಮಲ್ಲೇ ಜಾಸ್ತಿ. ಮಾತ್ರೆ ಕೊಡದಿದ್ದರೆ ಡಾಕ್ಟರಿಗೆ ಏನೂ ಗೊತ್ತಿಲ್ಲ ಅನ್ನುವ ಪೇಷಂಟ್‌ಗಳೂ ಕಡಿಮೆಯಿಲ್ಲ! ಅಮಾಕ್ಸಿಸಿಲಿನ್ ಜೊತೆ ಮೆಟ್ರೊನಿಡಜೋಲ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಜೋಡಿಸುವುದು ಹಲವರಿಗೆ ರೂಢಿ. ಅದರಿಂದ ಭೇದಿ, ಬಾಯಿ ಕಹಿ. ಕೆಲವರಿಗೆ ಅಮಾಕ್ಸಿಸಿಲಿನ್ ಅಲರ್ಜಿ ಪ್ರಾಣಕ್ಕೇ ಬರುತ್ತದೆ. ಸ್ಟ್ರಿಪ್ ಮೇಲಿನ ಕೆಂಪು ಗೆರೆ ಇರುವುದೇ ಚೀಟಿಯಿಲ್ಲದೆ ತಗೋಬೇಡಿ ಅನ್ನುವುದಕ್ಕೆ.

ಆಂಟಿಬಯೋಟಿಕ್ ನಿಜವಾಗಿ ಬೇಕಾದವರೂ ಇದ್ದಾರೆ. ಕೀವಿನ ಜೊತೆ ಜ್ವರ, ಕೆನ್ನೆಯ ಊತ ಹರಡುತ್ತಿರುವುದು ಇದ್ದರೆ ಕೊಡಲೇಬೇಕು, ಕೀವನ್ನೂ ಹೊರಗೆ ತೆಗೆಯಬೇಕು. ನಾಲಿಗೆ ಕೆಳಗೆ ಊದಿ ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಿ. ಹೃದಯದ ಕೃತಕ ಕವಾಟ ಇರುವವರಿಗೆ ಹಲ್ಲು ಕೀಳುವ ಮುಂಚೆ ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಡೋಸ್, ಅರ್ಧದಿಂದ ಒಂದು ಗಂಟೆ ಮೊದಲು.

ಮೊದಲ ಪ್ರಶ್ನೆ ಕೇಳಿದವರು: ಇವರಿಗೆ ಶುಗರ್ ಇದೆ, ಹೇಳೋದು ಮರೆತೆ.

ಉತ್ತರ: ಹತೋಟಿಯಲ್ಲಿದ್ದರೆ ಅದೊಂದೇ ಕಾರಣಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಇತ್ತೀಚಿನ ರಿಪೋರ್ಟನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಕೆನ್ನೆ ಊದಿದರೆ ಅಥವಾ ಜ್ವರ ಬಂದರೆ ಅವತ್ತೇ ಫೋನ್ ಮಾಡಿ.